ಬಂಡಿ ರಾಲೇದೇ ಹಾಡಿದ ಮುದುಕರು

ನಮ್ಮ ಯಜಮಾನರು ಅಶ್ವತ್ಥಪ್ಪನವರಿಗೆ ಎರಡು ವರ್ಷದಿಂದ ಕಿವಿ ಮಂದ. ಹಾಗಂತ ಅವರೆದುರು ಹೇಳುವಂತಿಲ್ಲ. ಈಗಿನ ಜನಕ್ಕೆ ಬಾಯಲ್ಲಿ ಶಕ್ತಿಯಿಲ್ಲ, ಮೆತ್ತಗೆ ಮಾತಾಡುತ್ತಾರೆ ಅನ್ನುವುದು ಅವರ ವಾದ. ಮಗಳು ಪವಿತ್ರ ಕೋಲಾರಕ್ಕೆ ಕರೆದುಕೊಂಡು ಹೋಗಿ ಕಿವಿ ಮಿಷನ್ ಮಾಡಿಸಿಕೊಟ್ಟಳು. ಹುಣಸೆ ಬೀಜದಷ್ಟಿದೆ, ಒಳ್ಳೆ ಸಾಮಾನು. ಒಂದು ದಿನ ಅದನ್ನು ಹಾಕಿಕೊಂಡು ಗೌನಿಪಲ್ಲಿ ಸಂತೆಗೆ ಹೋದರು. ಯಾರೋ ಪುಣ್ಯಾತ್ಮ, "ಏನಣ್ಣೋ, ಚೆವಿಟೋಡು ಆಗ್ಬಿಟ್ಯಾ?" ಅಂದನಂತೆ. ಕಿವುಡ ಅನ್ನಿಸಿಕೊಂಡು ಮನೆಗೆ ಬಂದವರೇ ಮಿಷನ್ ಕಿತ್ತು ಡಬ್ಬಿಗೆ ಹಾಕಿದರು.

ಕಷ್ಟ ಯಾರಿಗೆ? ನನಗೆ. ಊಟಕ್ಕೆ ಬನ್ನಿ, ಕರೆಂಟು ಬಂತು, ಮೋಟಾರ್ ಹಾಕಿ, ಇಂಥದ್ದನ್ನೆಲ್ಲ ಕೂಗಿ ಹೇಳಬಹುದು. ಸಣ್ಣ ಮಾತನ್ನು ಹೇಗೆ ಕೂಗುವುದು? ಈ ಸಲ ಮಾವು ಚೆನ್ನಾಗಿ ಹೂ ಬಿಟ್ಟಿದೆ ಅಲ್ವಾ ಅಂತ ತೋಪಿನಲ್ಲಿ ನಿಂತು ಅರಚಿದ್ದಕ್ಕೆ, ಹಾವು ಕಚ್ಚಿತೇನೋ ಅಂತ ಪಕ್ಕದ ತೋಟದವರು ದೊಣ್ಣೆ ಹಿಡಿದು ಓಡಿಬಂದಿದ್ದರು. ಅಂದಿನಿಂದ ಸಣ್ಣ ಮಾತು ಬಿಟ್ಟೆ. ಜಗಳವಾಡಿದೆ, ಮುನಿಸಿಕೊಂಡೆ, ಒಂದು ಸಲ ಅತ್ತೂ ನೋಡಿದೆ. ಮಿಷನ್ ಮಾತ್ರ ಕಿವಿಗೆ ಏರಲಿಲ್ಲ. ಪಕ್ಕಪಕ್ಕ ಕೂತು ತುಟಿ ಪಿಟಕ್ಕನ್ನದೆ ಮುದ್ದೆ ನುಂಗುವುದಿದೆಯಲ್ಲ, ಅದು ನನ್ನ ಶತ್ರುವಿಗೂ ಬೇಡ.

ಹೀಗಿರುವಾಗ ಪವಿತ್ರ ಮೂರು ಟಿಕೆಟ್ ತಂದಳು. ಮಾಲೂರಿನ ಆಚೆ ಬಯಲಿನಲ್ಲಿ ಇಂಗ್ಲೆಂಡಿನ ಹಳೇ ರಾಕ್ ಬ್ಯಾಂಡೊಂದು ಹಾಡುತ್ತದಂತೆ. ಯಾರು ಅಂದರೆ, ಇವರ ಕ್ಯಾಸೆಟ್ಟಿನವರೇ.

ಆ ಕ್ಯಾಸೆಟ್ಟಿನ ಕಥೆ ಕೇಳಿ. ಮದುವೆಯಾದ ಹೊಸದರಲ್ಲಿ ಇವರು ಮಾವಿನಕಾಯಿ ಲಾರಿ ಓಡಿಸುತ್ತಿದ್ದರು. ನನಗೆ ಅಂತ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ದೇವರ ಭಜನೆಯ ಕ್ಯಾಸೆಟ್ ತಂದರು. ಮೇಲೆ ವೆಂಕಟರಮಣನ ಪಟ, ಒಳಗೆ ಈ ಗಂಟಲು ಹರಿದುಕೊಳ್ಳುವವರು. ನಾನು ಕೈಮುಗಿದುಕೊಂಡು ಟೇಪ್ ರೆಕಾರ್ಡರ್ ಹಾಕಿದರೆ, ಢಣ್ ಅಂತ ಗಿಟಾರು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಇವರು ಅದನ್ನು ಲಾರಿಯಲ್ಲಿ ಹಾಕಿ ಹಾಕಿ ಹುಚ್ಚು ಹಿಡಿಸಿಕೊಂಡರು.

ಅದರಲ್ಲಿ ಒಂದು ಹಾಡು ಇವರಿಗೆ ಪ್ರಾಣ. "ಬಂಡಿ ರಾಲೇದೇ, ಬಂಡಿ ರಾಲೇದೇ" ಅಂತ ಮತ್ತೆ ಮತ್ತೆ ಬರುತ್ತದೆ. ನಮ್ಮ ಕಡೆ ಮನೆಮಾತು ಅರ್ಧ ತೆಲುಗು, ಬಸ್ಸೂ ಬಂಡಿಯೇ, ಲಾರಿಯೂ ಬಂಡಿಯೇ. ಬಂಡಿ ಬರಲಿಲ್ಲವಲ್ಲಾ ಅಂತ ರಸ್ತೆಯಲ್ಲಿ ಕಾದು ಕೂತವನ ಗೋಳು ಅದು ಅಂತ ಇವರು ಅರ್ಥ ಹೇಳಿದರು. ಇಂಗ್ಲಿಷಿನವನಿಗೆ ತೆಲುಗು ಹೇಗೆ ಬಂತು ಅಂದರೆ, "ಕೆಜಿಎಫ್‌ನಾಗೆ ಇಂಗ್ಲಿಷ್‌ನೋರು ಇದ್ರಲ್ಲೇ, ಕಲ್ತಿರ್ತಾರೆ" ಅಂದರು. ನಾನೂ ನಂಬಿದೆ. ಊರಿನವರೆಲ್ಲ ನಂಬಿದರು. ಬಸ್ಸು ತಡವಾದರೆ ಸ್ಟ್ಯಾಂಡಿನಲ್ಲಿ ಎಲ್ಲರೂ ಅದನ್ನೇ ಹಾಡುತ್ತಿದ್ದೆವು.

ಹೊರಡುವ ದಿನ ಇವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬೆಳಿಗ್ಗೆಯೇ ತಯಾರು. "ಮಿಷನ್ ಹಾಕ್ಕೊಳ್ಳಿ" ಅಂತ ಕೂಗಿದೆ.

"ಮನೆ ಅಷ್ಟು ಎತ್ತರದ ಸ್ಪೀಕರ್ ಇರ್ತವಂತೆ. ಮಿಷನ್ ಯಾಕೆ?" ಅಂದರು.

ನಾನು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಪವಿತ್ರ ಕಾರು ಓಡಿಸಿದಳು.

ಬಯಲು ತುಂಬಾ ಜನ. ಅಷ್ಟೊಂದು ಕಪ್ಪು ಬನಿಯನ್ನು ನಾನು ಒಟ್ಟಿಗೆ ನೋಡಿರಲಿಲ್ಲ. ನೆರೆತ ಗಡ್ಡದವರು, ಬೋಳುತಲೆಯವರು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವರು. ಬಿಳಿ ಶರ್ಟಿನವರು ಇವರೊಬ್ಬರೇ, ಮಲ್ಲಿಗೆ ಮುಡಿದವಳು ನಾನೊಬ್ಬಳೇ. ಬಿಸಿಲು ಇಳಿಯುವ ಹೊತ್ತಿಗೆ ಮುದುಕರು ವೇದಿಕೆಗೆ ಬಂದರು. ಹಾಡುವವನಿಗೆ ನಮ್ಮ ಯಜಮಾನರಿಗಿಂತ ಹತ್ತು ವರ್ಷ ಹೆಚ್ಚೇ ಇರಬೇಕು. ಆದರೂ ಏನು ಠೀವಿ ಅಂತೀರಿ. ಡ್ರಮ್ಮಿನ ಸದ್ದಿಗೆ ನನ್ನ ಎದೆಯೊಳಗೆ ಯಾರೋ ರಾಗಿ ಬಡಿದ ಹಾಗಾಯಿತು. ನನಗೆ ನಗು ತಡೆಯಲಾಗಲಿಲ್ಲ, ಯಾಕೆ ಅಂತ ಕೇಳಬೇಡಿ.

ಇವರ ಕಡೆ ತಿರುಗಿ ನೋಡಿದರೆ ಮುಖ ಸಪ್ಪೆ.

"ಬರೀ ದಡದಡ ಅಂತದೆ ಕಣೇ. ಮಾತೇ ಗೊತ್ತಾಗ್ತಿಲ್ಲ" ಅಂದರು. ಇಷ್ಟು ವರ್ಷ ಕಾದು, ಎದುರಿಗೆ ಬಂದು ನಿಂತಾಗ ಕೇಳಿಸದಿದ್ದರೆ ಹೇಗಿರಬೇಡ. ಡಬ್ಬಿ ತೆಗೆದು ತೋರಿಸಿದೆ. ಸುತ್ತಲಿನವರನ್ನು ಒಮ್ಮೆ ನೋಡಿ ತಲೆಯಾಡಿಸಿಬಿಟ್ಟರು.

ಅಷ್ಟರಲ್ಲಿ ವೇದಿಕೆಯ ಪಕ್ಕದ ದೊಡ್ಡ ಪರದೆಯ ಮೇಲೆ ಹಾಡುವವನ ಮುಖ ಬಂತು. ಕಿವಿಯೊಳಗೆ ಸಣ್ಣದೊಂದು ಸಾಮಾನು. ಆಮೇಲೆ ಗಿಟಾರಿನವನು, ಅವನ ಕಿವಿಯಲ್ಲೂ ಅದೇ. ಡ್ರಮ್ಮಿನವನಿಗೆ ಎರಡು ಕಿವಿಯಲ್ಲೂ.

ಇವರು ನನ್ನ ರಟ್ಟೆ ಹಿಡಿದು ಹೆಸರು ಕೂಗಿದರು. "ಲೇ ಕದಿರಿ, ನೋಡೇ. ಅಷ್ಟೂ ಜನಕ್ಕೂ ಕಿವಿ ಮಿಷನ್."

"ಅಪ್ಪಾ, ಅದು ಮಿಷನ್ ಅಲ್ಲ, ಹಾಡೋರು ತಮ್ಮ ಮ್ಯೂಸಿಕ್ ತಾವೇ ಕೇಳೋಕೆ..." ಅಂತ ಪವಿತ್ರ ಶುರು ಮಾಡಿದಳು. ಸ್ಕೂಲ್ ಮೇಡಮ್ಮು ನೋಡಿ, ತಿದ್ದದಿದ್ದರೆ ತಿಂದಿದ್ದು ಅರಗದು. ತೊಡೆ ಹಿಡಿದು ಒಂದು ಚಿವುಟಿದೆ. ತೊಡೆ ಉಜ್ಜಿಕೊಂಡಳು.

"ಅಲ್ವೇ, ಪ್ರಪಂಚ ಸುತ್ತೋರೇ ರಾಜಾರೋಷವಾಗಿ ಹಾಕ್ಕೊಂಡವ್ರೆ. ಆ ಸಂತೆ ನನ್ಮಗನ ಮಾತ್ಗೆ ನಾನ್ ಹೆದರ್ಕೊಂಡ್ನಲ್ಲ. ಕೊಡು ಇಲ್ಲಿ" ಅಂತ ಕೈ ಚಾಚಿದರು. ತಾವೇ ಹಾಕಿಕೊಂಡರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಆಮೇಲೆ ಆ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು.

ಕೊನೆಗೆ ಆ ಹಾಡು ಬಂತು. ಬಯಲೆಲ್ಲ ಒಟ್ಟಿಗೆ ಕೂಗಿತು. ಇವರು ಕತ್ತು ಮುಂದಕ್ಕೆ ಚಾಚಿ ಕೇಳಿದರು, ಹುಬ್ಬು ಗಂಟಾಯಿತು. ನನ್ನ ಕಡೆ ಬಗ್ಗಿ ಹೇಳಿದರು, "ಪಾಪ, ವಯಸ್ಸಾಯ್ತಲ್ಲ, ಮಾತು ಮರೆತವ್ನೆ. ಮಂಡೇ ರೋಲ್ಡ್ ಅವೇ ಅಂತ ಏನೇನೋ ಹಾಡ್ತವ್ನೆ."

ಪವಿತ್ರ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರೂ ಬಾಯಿಗೆ ಸೆರಗು ದುಪ್ಪಟ್ಟ ತುರುಕಿಕೊಂಡೆವು.

"ನಾವು ಹೇಳ್ಕೊಡೋಣ ತಡಿ" ಅಂತ ಇವರು ಎರಡೂ ಕೈ ಎತ್ತಿ, ಬಂಡಿ ರಾಲೇದೇ ಅಂತ ಗಂಟಲು ಬಿಟ್ಟರು. ನಾನೂ ಬಿಟ್ಟೆ. ಅಕ್ಕಪಕ್ಕದ ಕಪ್ಪು ಬನಿಯನ್ನಿನವರು ಮೊದಲು ತಿರುಗಿ ನೋಡಿದರು, ಹಾಡಿನ ಮುಂದಿನ ಸಾಲಿಗೆ ಅವರೂ ಸೇರಿಕೊಂಡರು. ಹಾಡು ಮುಗಿದಾಗ ಮೇಲಿದ್ದ ಮುದುಕ ನಮ್ಮ ಕಡೆಯೇ ಕೈ ಬೀಸಿದ. "ನೆನಪಾಯ್ತು ನೋಡು ಅವನಿಗೆ" ಅಂದರು ಇವರು.

ಮುಗಿದ ಮೇಲೆ ಪವಿತ್ರ ಕಾರು ತರಲು ಹೋದಳು. ಬೇಲಿಯ ಹತ್ತಿರ ನಾವಿಬ್ಬರೇ. ಜನ ಹಾಡಿಕೊಂಡು ಹೋಗುತ್ತಿದ್ದರು. ಇವರು ಅತ್ತ ತಿರುಗಿ ನಿಂತು ಖಾಲಿಯಾಗುತ್ತಿದ್ದ ವೇದಿಕೆಯನ್ನೇ ನೋಡುತ್ತಿದ್ದರು. ಮಧ್ಯಾಹ್ನದಿಂದ ನಿಂತು ನನ್ನ ಕಾಲು ಸೋತಿತ್ತು. "ಕಾಲು ನೋಯ್ತದೆ" ಅಂದುಕೊಂಡೆ, ನನ್ನಷ್ಟಕ್ಕೆ, ಯಾರಿಗೂ ಅಲ್ಲ.

ಇವರು ಥಟ್ಟನೆ ತಿರುಗಿದರು.

"ಯಾವ ಕಾಲು?" ಅಂದರು.