ಉಳುಕು ತೆಗೆಯುವ ಕಾಲು

ಹೊದಿಕೆಯಾಚೆ ಸಿದ್ದಲಿಂಗೇಶನ ಪಾದ ಹೊರಗೇ ಇದೆ, ಹೆಬ್ಬೆರಳ ಮೇಲೊಂದು ನೊಣ, ಎಷ್ಟು ಹೊತ್ತಿನಿಂದ ಕೂತಿದೆಯೋ, ಅವನಿಗೆ ಗೊತ್ತೇ ಆಗುತ್ತಿಲ್ಲವಲ್ಲ, ಓಡಿಸೋಣವೆಂದರೆ ತನುಜಾಗೆ ಗಂಡನನ್ನು ಮುಟ್ಟಲೂ ಹೆದರಿಕೆ — ಬೆನ್ನಿನ ಆಪರೇಷನ್ ಮುಗಿಸಿ ಶಿವಮೊಗ್ಗದ ಈ ವಾರ್ಡಿಗೆ ತಂದು ಮಲಗಿಸಿದ್ದಾರೆ, ಬೆನ್ನುಹುರಿಯ ಸುತ್ತ ರಕ್ತ ಹೆಪ್ಪುಗಟ್ಟಿತ್ತು, ತೆಗೆದಿದ್ದೀವಿ, ಕಾಲಿಗೆ ಬಲ ಬರುತ್ತೋ ಇಲ್ವೋ ನೋಡ್ಬೇಕು ಅಂದರು ಡಾಕ್ಟರು, ನೋಡಬೇಕಂತೆ, ನೋಡುತ್ತಲೇ ಇದ್ದಾಳೆ — ನಿನ್ನೆ ಬೆಳಿಗ್ಗೆ ಅಜ್ಜಂಪುರದ ಅಂಗಡಿಯ ಶಟರ್ ಎತ್ತಿ ಮನೆಗೆ ಬಂದವನು ಬೆನ್ನು ಹಿಡಿದುಕೊಂಡು ಕುಸಿದು ಕೂತ, ಚಾಕು ಹಾಕ್ದಂಗಾಯ್ತು ಕಣೇ, ಅತ್ತೆ ಮಲ್ಲಿಕಾಂಬ ಒಲೆ ಮುಂದಿನಿಂದಲೇ, ಉಳುಕು ಕಣೋ ಅದು, ಕಾಲು ಮುಂದಾಗಿ ಹುಟ್ಟಿದೋಳು ಮನೇಲೇ ಇದಾಳೆ, ಲೇ ತನುಜಾ, ಬೆನ್ನಿಗೊಂದ್ಸಲ ಒದಿಯೇ, ಬಿಟ್ಟೋಗುತ್ತೆ — ತವರು ಸಿಂಗಟಗೆರೆಯಲ್ಲಿ ಚಿಕ್ಕಂದಿನಿಂದ ಊರವರ ಬೆನ್ನಿಗೆಲ್ಲ ಕಾಲು ಸೋಕಿಸಿದವಳು, ಆಮೇಲೆ ಅವರೇ ಕೈಗೆ ಬೆಲ್ಲ ಕೊಡುತ್ತಿದ್ದರು, ಆದರೆ ಗಂಡನಿಗೆ? ನೋವಿನಲ್ಲೂ ಅವನೇ ನಕ್ಕ, ಒದಿಯೋಕೆ ಇಂಥ ಚಾನ್ಸ್ ಮತ್ತೆ ಸಿಗಲ್ಲ ಕಣೇ, ಒದ್ದಳು, ಒದ್ದದ್ದೇನು, ಸೋಕಿಸಿದಳು, ಕಾಲುಂಗುರ ತಣ್ಣಗೆ ತಗುಲಿ ಅವನು ಬೆಚ್ಚಿದ, ತಕ್ಷಣ ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಇದೇ ಪಾದ — ಕಾಲು ಜೋಮು ಹಿಡೀತಿದೆ ಅಂದ, ಹಾಂ, ಉಳುಕು ಬಿಡ್ತಿದೆ ನೋಡು ಅಂದರು ಅತ್ತೆ, ತನುಜಾಗೆ ಹೆಮ್ಮೆ, ಹೌದು, ಹೆಮ್ಮೆಯೇ, ಇನ್ನೊಮ್ಮೆ ಸೋಕಿಸಿದಳು, ಬಿಸಿನೀರು ಹೊಯ್ದಳು, ಮಲಗಿಸಿದಳು, ಮಧ್ಯಾಹ್ನ ಊಟಕ್ಕೇಳಿ ಅಂದರೆ ಕಾಲೇ ಏಳಲಿಲ್ಲ, ಕಾರು, ತರೀಕೆರೆ, ಅಲ್ಲಿಯ ಡಾಕ್ಟರು ಪಾದಕ್ಕೆ ಸೂಜಿ ಚುಚ್ಚಿ, ನೋವಾಗುತ್ತಾ, ಇಲ್ಲ, ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೋತಾರಾ, ಹೂಂ ಸಾರ್, ಹಾರ್ಟಿನ ವಾಲ್ವ್ ಹಾಕಿಸಿದಾಗಿಂದ, ದಿನಾ ತಾನೇ ಕೈಯಾರೆ ಕೊಡುವ ಮಾತ್ರೆ, ತಡ ಮಾಡ್ಬೇಡಿ, ಶಿವಮೊಗ್ಗಕ್ಕೆ ಹೊರಡಿ, ಇಲ್ಲಿ ಸ್ಕ್ಯಾನು, ಕಾಲು ಸೋಕಿಸಿದ್ದನ್ನೂ ಹೇಳಿಬಿಟ್ಟಳು, ನಿಮ್ ಕಾಲಿಂದ ಆದದ್ದಲ್ಲಮ್ಮ, ತಾನಾಗೇ ಒಸರಿದ ರಕ್ತ ಅಂದರು ಇಲ್ಲಿಯ ಡಾಕ್ಟರು, ಹೋದ ಜೀವ ಬಂದಂತಾಯಿತು, ಆದ್ರೆ ಜೋಮು ಹಿಡಿದಾಗ್ಲೇ ಕರ್ಕೊಂಡ್ ಬರ್ಬೇಕಿತ್ತು, ಅಷ್ಟೊತ್ತು ಏನ್ಮಾಡ್ತಿದ್ರಿ — ಏನು ಮಾಡುತ್ತಿದ್ದೆವು, ಉಳುಕು ಬಿಡುತ್ತಿದೆಯೆಂದು ಖುಷಿಪಡುತ್ತಿದ್ದೆವು — ಈಗ ಡಾಕ್ಟರು ಬಂದು ಮಂಚದ ಬಳಿ ನಿಂತಿದ್ದಾರೆ, ಸಿದ್ದಲಿಂಗೇಶ್, ಹೆಬ್ಬೆರಳು ಅಲ್ಲಾಡ್ಸಿ ನೋಡೋಣ, ಅವನು ಹಲ್ಲು ಕಚ್ಚುತ್ತಾನೆ, ಹಣೆಯಲ್ಲಿ ಬೆವರು, ತಣ್ಣನೆ ನೆಲದ ಮೇಲೆ ತನುಜಾಳ ಹೆಬ್ಬೆರಳು ತಾನೇ ತಾನಾಗಿ ಮಡಿಸಿಕೊಳ್ಳುತ್ತದೆ, ಅಲ್ಲಾಡಿಸ್ತಾ ಇದೀನಲ್ಲ ಸಾರ್ ಅನ್ನುತ್ತಾನೆ ಅವನು, ತನುಜಾ, ನೋಡೇ, ಅಲ್ಲಾಡ್ತಿದೆ ಅಲ್ವಾ — ಹೆಬ್ಬೆರಳ ಮೇಲೆ ನೊಣ, ಕೂತಲ್ಲೇ ಕೂತು ಮುಂಗಾಲು ಉಜ್ಜಿಕೊಳ್ಳುತ್ತಿದೆ