ಉಡಿ ತುಂಬಿಸಿಕೊಂಡವಳ ಊರು

ಮೀಸೆ ಅಂಟಿಸಿಕೊಂಡರೆ ಸಾಕು, ಭೀಮಣ್ಣನ ಧ್ವನಿ ತಾನಾಗಿಯೇ ಏರುತ್ತಿತ್ತು. ತಡವಳ ಊರಿನ ನಾಟಕಗಳಲ್ಲಿ ಖಳನಾಯಕನೆಂದರೆ ಅವನೇ. ಮೀಸೆ ಇಲ್ಲದಾಗಲೂ ಧ್ವನಿ ಇಳಿಯುವುದಿಲ್ಲ ಎಂಬುದು ಹೆಂಡತಿ ಅಕ್ಕನಾಗಮ್ಮನ ತಕರಾರು.

ನೌಕರಿಯ ಆಸೆ ತೋರಿಸಿ ಹುಡುಗಿಯರನ್ನು ಮಾರುವವರ ಬಗ್ಗೆ ಬೀದಿ ನಾಟಕ ಆಡಿಸಲು ಸೊಲ್ಲಾಪುರದಿಂದ ನಾಟಕ ಕಲಿಸುವ ಪ್ರಣಿತಾ ಬಂದಾಗ, ಏಜೆಂಟನ ಪಾತ್ರಕ್ಕೆ ಊರೆಲ್ಲ ಬೆರಳು ತೋರಿಸಿದ್ದು ಭೀಮಣ್ಣನ ಕಡೆಗೇ. ಎಂಐಡಿಸಿ ಕೈಗಾರಿಕಾ ಪ್ರದೇಶದ ಮಗ್ಗದ ಕಾರ್ಖಾನೆಗೆ ರಜೆ ಹಾಕಿ ಅವನು ತಾಲೀಮಿಗೆ ನಿಂತ.

"ಹುಡುಗೀ! ನಡಿ ಮುಂಬೈಗೆ!" ಎಂದು ಅವನು ಅಬ್ಬರಿಸಿದ್ದಕ್ಕೆ ಶಾಲೆಯ ಅಂಗಳದಲ್ಲಿ ಕಟ್ಟಿದ್ದ ಆಡು ಹಗ್ಗ ಹರಿದುಕೊಂಡು ಓಡಿತು. ನೋಡುತ್ತ ಕೂತಿದ್ದ ಅಣ್ಣನ ಮಗಳು ರೂಪಾಲಿ ಬಿದ್ದು ಬಿದ್ದು ನಕ್ಕಳು.

"ಕಾಕಾ, ಹಿಂಗ ಕರದ್ರ ನಾಯೀನೂ ಬೆನ್ನ ಹತ್ತಂಗಿಲ್ಲ. ನನ್ನ ಪುಣೆಕ್ಕ ಕರಕೊಂಡು ಹೋಗೋ ಮೌಶಿ ಎಷ್ಟು ಛಲೋ ಮಾತಾಡ್ತಾಳ ಗೊತ್ತೈತೇನು?"

"ಯಾವ ಮೌಶಿ?"

ಮೌಶಿ ಎಂದರೆ ಸ್ವಂತ ಚಿಕ್ಕಮ್ಮನೇನಲ್ಲ, ಅಕ್ಕಲಕೋಟದ ಗುಡಿಗೆ ದರ್ಶನಕ್ಕೆ ಬಂದವಳು ಎಂದಳು ರೂಪಾಲಿ. ನೀರು ಕೇಳಿ ಮನೆಗೆ ಬಂದಿದ್ದಳು. ಪುಣೆಯಲ್ಲಿ ಪ್ಯಾಕಿಂಗ್ ಕೆಲಸ, ಇರಲು ಖೋಲಿ, ಊಟ. ಸೋಮವಾರ ಸೊಲ್ಲಾಪುರದ ಬಸ್ ಸ್ಟ್ಯಾಂಡಿನಿಂದ ಹೊರಡುವುದು. ಅಪ್ಪ ಅವ್ವ ಒಪ್ಪಿಯೂ ಆಗಿತ್ತು.

ಭೀಮಣ್ಣ ಕೆರಳಿದ. "ಕಾಲು ಮುರೀತೀನಿ!"

"ಮುರಿ. ಕುಂಟಕೋತ ಹೋಗ್ತೀನಿ."

ಅದೂ ಅವನ ಮನೆತನದ್ದೇ ರಕ್ತ. ಪ್ರಣಿತಾ ಅವನನ್ನು ಪಕ್ಕಕ್ಕೆ ಎಳೆದಳು. "ಮಾಮಾ, ಒದರಬ್ಯಾಡ್ರಿ. ಒದರಿದ್ರ ನಾಳೇನ ಹೋಗ್ತಾಳ."

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳ ಮುಖ ಸಪ್ಪಗಾಯಿತು. "ನೀವು ಕಾರ್ಖಾನೆಗೆ ಹೋದಾಗ ನಮ್ಮ ಮನಿಗೂ ಬಂದಿದ್ಲು. ಆಕೀಗೆ ಉಡಿ ತುಂಬಿದಾಕಿ ನಾನ."

"ಯಾವ ಊರಾಕಿ?"

"ಉಡಿ ತುಂಬೂ ಮುಂದ ಊರು ಕೇಳ್ತಾರೇನ್ರಿ?"

ಹೌದು, ಯಾರೂ ಕೇಳುವುದಿಲ್ಲ. ಹೊಸ್ತಿಲಿಗೆ ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸಬಾರದು. ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಹಾಕಿದರೆ ಅವಳು ಮನೆಮಗಳು. ಮನೆಮಗಳನ್ನು ವಿಚಾರಿಸುವುದುಂಟೆ?  ಭೀಮಣ್ಣ ಕೂಗುವ ಬದಲು ಜೇಬಿನಿಂದ ಮೀಸೆ ತೆಗೆದು ಗೂಟಕ್ಕೆ ಸಿಕ್ಕಿಸಿದ.

"ಏಜೆಂಟ ನಾ ಅಲ್ಲ. ನೀ ಆಗು."

ಭಾನುವಾರ ಹಣಮಪ್ಪನ ಗುಡಿಯ ಮುಂದೆ ಜನ ಸೇರಿದರು. ಅಕ್ಕನಾಗಮ್ಮ ತಲೆ ಮೇಲೆ ಸೆರಗು ಹೊದ್ದು ಬಂದು, "ಬಿಸಲಾಗ ಬಂದೀನ್ರೆವ್ವಾ, ಒಂದ ತಂಬಿಗಿ ನೀರು ಕೊಡ್ರಿ" ಎಂದು ಕುಳಿತಳು. ನೀರು ಕುಡಿದು ಸೆರಗು ಹಾಸಿದಳು. ನಾಟಕದಲ್ಲಿ ಇಲ್ಲದಿದ್ದರೂ, ಎದುರುಮನೆಯ ಹೆಂಗಸರು ರೂಢಿಯಂತೆ ಎದ್ದು ಹೋಗಿ ಅಕ್ಕಿ ತಂದು ಉಡಿ ತುಂಬಿದರು.

"ಸಂಜಿಗಿ ಅಕ್ಕಿ ವಾಪಸ್ ಕೊಡು ಮತ್ತ!" ಎಂದು ಯಾರೋ ಕೂಗಿದರು. ಜನ ನಕ್ಕರು.

ಅಕ್ಕನಾಗಮ್ಮ ಎಲ್ಲರ ಮಕ್ಕಳನ್ನೂ ಹರಸಿದಳು. ಹುಡುಗಿಯ ಪಾತ್ರದ ಪ್ರಣಿತಾಳ ಗದ್ದ ಹಿಡಿದಳು. "ಇಂಥಾ ಬಂಗಾರದಂಥಾ ಹುಡುಗೀನ ಒಲಿ ಮುಂದ ಕೂಡ್ಸೀರೇನು? ನನ್ನ ಜೋಡಿ ಕಳಸ್ರಿ. ಆಧಾರ ಕಾರ್ಡ ನನ್ನ ಕಡೆ ಇರ್ಲಿ ಮಗಳ, ನಿನ್ನ ಕಡೆ ಇದ್ರ ಕಳೀತೈತಿ."

ಕೈಹಿಡಿದು ಕರೆದುಕೊಂಡು ಹೊರಟವಳು ತಿರುಗಿ ನಿಂತು ಉಡಿ ಬಿಚ್ಚಿ ತೋರಿಸಿದಳು.

"ಅಕ್ಕಿ ಹಾಕಿದ್ರಿ. ಹುಡುಗೀನೂ ಕೊಟ್ರಿ. ನನ್ನ ಊರು ಯಾವುದಂತ ಒಬ್ಬರರ ಕೇಳಿದ್ರೇನು?"

 ಅದು ನಾಟಕದ ಮಾತಾಗಿರಲಿಲ್ಲ.

ಹೆಂಗಸರ ನಡುವಿನಿಂದ ರೂಪಾಲಿ ಎದ್ದಳು. "ಕಾಕೂ... ನನ್ನ ಆಧಾರ ಆಕೀ ಕಡೇನ ಐತಿ."

ಆ ಮೌಶಿಗೆ ಫೋನು ಹಚ್ಚಿ ಭೀಮಣ್ಣನ ಕೈಗೆ ಕೊಟ್ಟಳು. ಅಕ್ಕನಾಗಮ್ಮ ಅವನ ತೋಳು ಚಿವುಟಿದಳು. "ಮೆತ್ತಗ."

ಜೀವಮಾನದಲ್ಲೇ ಅಷ್ಟು ಮೆತ್ತಗೆ ಅವನು ಮಾತಾಡಿರಲಿಲ್ಲ. "ಅಕ್ಕಾರ, ನಿಮ್ಮ ಊರು ಯಾವುದ್ರಿ?"

"ಪುಣೆ."

"ಪುಣೆದಾಗ ಎಲ್ಲಿ? ಹುಡುಗಿ ಜೋಡಿ ನಾನೂ ಬರ್ತೀನಿ, ಮನಿ ನೋಡ್ತೀನಿ."

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಬಂದ್. ಆ ನಂಬರು ತೆಗೆದುಕೊಂಡು ಪ್ರಣಿತಾ ರೂಪಾಲಿಯನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿಬಂದಳು.

ಮರಳಿ ಬಂದ ರೂಪಾಲಿ ನೇರ ಕಾಕಾನ ಮುಂದೆ ಕುಳಿತು ಕಾಲು ಚಾಚಿದಳು. ಕಣ್ಣು ಕೆಂಪಾಗಿದ್ದವು. "ಮುರೀತೀನಿ ಅಂದಿದ್ದಿಯಲ್ಲ, ಮುರಿ."

"ಏ ಅಕ್ಕನಾಗಮ್ಮಾ!" ಭೀಮಣ್ಣ ಓಣಿಗೆಲ್ಲ ಕೇಳುವಂತೆ ಒದರಿದ. "ಈಕೀಗೆ ಮೊದಲ ಊಟಕ್ಕ ಹಾಕು. ಉಪಾಸ ಇದ್ದ ಹುಡುಗೀ ಕಾಲು ಹೆಂಗ ಮುರೀಲಿ?"