ಕರೋನರ್ ಆರ್ಡಿಸ್ ತೀರಿಕೊಂಡ ಮೇಲೆ

"ಒಂದ್ ನಿಮಿಷ ನಿಲ್ಸ್ರೋ, ಕೈ ಸೋತ್ಹೋಯ್ತು," ಎಂದ ಮಿಲ್ಟನ್ ಕ್ರೌಸ್. ಶವಪೆಟ್ಟಿಗೆಯ ಎಡಗಡೆಯ ಮುಂದಿನ ಹಿಡಿ ಅವನ ಕೈಯಲ್ಲಿತ್ತು. ಗುಂಡಿಗೆ ಇನ್ನೂ ಮೂವತ್ತು ಹೆಜ್ಜೆ. ಮೊಂಟಾನಾದ ಅಕ್ಟೋಬರ್ ಗಾಳಿ ಆರೂ ಜನರ ಟೈಗಳನ್ನು ಒಂದೇ ಕಡೆಗೆ ಹಾರಿಸುತ್ತಿತ್ತು.

"ಕೌಂಟಿ ಅಧ್ಯಕ್ಷ ಆಗಿ ಕೂತು ಕೂತು ಹಿಂಗಾಗಿದೀಯ," ಎಂದ ಹಿಂದಿನಿಂದ ಕೌಂಟಿ ಪೊಲೀಸರ ಮುಖ್ಯಸ್ಥ, ಶೆರಿಫ್ ವೇಡ್. ಆಮೇಲೆ ದನಿ ತಗ್ಗಿಸಿದ. "ಅಲ್ಲಾ, ಕೊನೆಗೆ ಇವಳ ಸಾವಿನ ಕಾಗದಕ್ಕೆ ಸಹಿ ಹಾಕಿದ್ದು ಯಾರು?"

"ಪಕ್ಕದ ಕೌಂಟಿಯ ಕರೋನರ್," ಎಂದ ಹಾಗೆನ್. ಊರಿನ ಶವಸಂಸ್ಕಾರದ ವ್ಯವಹಾರ ಅವನದು. "ತೊಂಬತ್ತು ಮೈಲಿ ದೂರದಿಂದ ಬಂದ. ಅದೂ ಮೂರನೇ ದಿನಕ್ಕೆ."

ಲಿಂಡಾಲ್ ಕೌಂಟಿಯಲ್ಲಿ ಯಾರಾದರೂ ಮನೆಯಲ್ಲೋ ಹೊಲದಲ್ಲೋ ರಸ್ತೆಯಲ್ಲೋ ಡಾಕ್ಟರಿಲ್ಲದೆ ಸತ್ತರೆ, ಹೋಗಿ ನೋಡಿ, ಹೇಗೆ ಸತ್ತರೆಂದು ಬರೆದು ಸಹಿ ಹಾಕಬೇಕಾದವಳು ಕರೋನರ್ ಆರ್ಡಿಸ್ ಟ್ವೆಟ್. ಈಗ ಅವಳೇ ನಿದ್ದೆಯಲ್ಲಿ ಹೋಗಿಬಿಟ್ಟಿದ್ದಳು. ಬದಲಿಗೆ ಯಾರು ಬರಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಕಾಗದವಿಲ್ಲದೆ ಹೂಳುವಂತಿಲ್ಲ. ದಿನ ಎರಡು ಸಲ ಬದಲಾಯಿತು. ಅರ್ಧ ಊರು ಗುರುವಾರವೇ ಶವಸಂಸ್ಕಾರದ ಊಟಕ್ಕೆಂದು ಆಲೂಗಡ್ಡೆ ಸಲಾಡ್ ಹಿಡಿದು ಚರ್ಚಿಗೆ ಬಂದು, ಬೀಗ ನೋಡಿ ವಾಪಸಾಗಿತ್ತು.

"ಸರಿ, ಎತ್ರೋ," ಎಂದ ಮಿಲ್ಟನ್.

* * *

ಆರ್ಡಿಸ್ ಶಾಲಾ ಬಸ್ಸಿನ ಡ್ರೈವರ್. ಹತ್ತೊಂಬತ್ತು ವರ್ಷಗಳ ಹಿಂದೆ, ಒಂದು ನವೆಂಬರ್ ಸಂಜೆ, ಖಾಲಿ ಬಸ್ಸಿನಲ್ಲಿ ವಾಪಸು ಬರುವಾಗ ಹಳ್ಳದ ತಿರುವಿನಲ್ಲಿ ಪಿಕಪ್ ಒಂದು ಮಗುಚಿ ಬಿದ್ದಿತ್ತು. ಒಳಗಿದ್ದದ್ದು ಹೈಸ್ಕೂಲಿನ ಹುಡುಗಿ. ಆರು ವರ್ಷದವಳಿದ್ದಾಗಿನಿಂದ ಅದೇ ಬಸ್ಸಿನಲ್ಲಿ ಓಡಾಡಿದವಳು. ಆಂಬುಲೆನ್ಸಿನವರು ನೋಡಿ, ಜೀವ ಇಲ್ಲ, ಕರೋನರ್ ಬರುವವರೆಗೆ ಮುಟ್ಟುವಂತಿಲ್ಲ ಅಂದರು. ಆಗಿನ ಕರೋನರ್ ಜಿಂಕೆ ಬೇಟೆಗೆ ಹೋಗಿದ್ದ.

ಅವನು ಬರಲು ಐದು ಗಂಟೆ ಹಿಡಿಯಿತು. ಹೋಗಿಬರುವವರು ಇಣುಕದಂತೆ ಆರ್ಡಿಸ್ ಬಸ್ಸನ್ನು ರಸ್ತೆಗೆ ಅಡ್ಡ ನಿಲ್ಲಿಸಿದಳು. ಹುಡುಗಿಯ ತಾಯಿ ಓಡಿ ಬಂದಾಗ ಮೊದಲ ಸೀಟಿನಲ್ಲಿ ಕೂರಿಸಿ, ಹೀಟರ್ ಹಾಕಿ, ತಾನು ಕಂಡಿದ್ದನ್ನು ಕಂಡ ಹಾಗೆ ಹೇಳಿದಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮುಂದಿನ ಚುನಾವಣೆಯಲ್ಲಿ ಕರೋನರ್ ಜಾಗಕ್ಕೆ ಯಾರೂ ನಿಲ್ಲಲಿಲ್ಲ. ಅರವತ್ತೊಂದು ಜನ ಮತಪತ್ರದ ಖಾಲಿ ಗೆರೆಯಲ್ಲಿ ಆರ್ಡಿಸ್ ಹೆಸರು ಬರೆದರು; ಅಷ್ಟಕ್ಕೇ ಅವಳು ಆಯ್ಕೆಯಾದಳು. ಅವಳನ್ನು ಯಾರೂ ಕೇಳಿರಲಿಲ್ಲ.

"ಅರ್ಧ ಜನ ನನ್ನ ಹೆಸರೇ ತಪ್ಪು ಬರ್ದಿದಾರಲ್ಲ," ಅಂದಳಂತೆ ಕೌಂಟಿ ಆಫೀಸಿನಲ್ಲಿ. "ಅವರು ಸತ್ರೂ ನಾನೇ ಹೋಗ್ಬೇಕಾ?"

* * *

ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಕಾಫಿ. ಮೂಲೆಯ ಮೇಜಿಗೆ ನಾಲ್ವರು ಕೂತಿದ್ದರು: ಮಿಲ್ಟನ್, ವೇಡ್, ಹಾಗೆನ್, ದನದ ಡಾಕ್ಟರ್ ಜಾಯ್ಸ್.

"ವೇಡ್, ಆರ್ಡಿಸ್ ಕೆಲಸ ನೀನೇ ಇಟ್ಕೊಂಬಿಡು," ಎಂದ ಮಿಲ್ಟನ್. "ಎಷ್ಟೋ ಕೌಂಟೀಲಿ ಶೆರಿಫೇ ಕರೋನರ್."

"ನನ್ನ ಜೈಲಲ್ಲಿ ಯಾರಾದ್ರೂ ಸತ್ರೆ? ನಮ್ಮ ಹುಡುಗ್ರೇ ಗುಂಡು ಹಾರಿಸಿದ್ರೆ? ನನ್ನ ತಪ್ಪು ನಾನೇ ಬರ್ಕೊಳ್ಳೋದಾ?"

"ಹಾಗಾದ್ರೆ ಹಾಗೆನ್."

"ನಾನು ಶವಪೆಟ್ಟಿಗೆ ಮಾರೋನು ಕಣಪ್ಪ. ಗಿರಾಕಿ ಹಿಡಿಯೋಕೆ ಬಂದ ಅಂತಾರೆ."

ಎಲ್ಲರೂ ಜಾಯ್ಸ್ ಕಡೆ ತಿರುಗಿದರು.

"ನನ್ನನ್ಯಾಕೆ ನೋಡ್ತೀರಿ? ನಾನು ದನ ನೋಡೋಳು. ದನಗಳ ಹೆಂಡ್ತೀರು ಬಂದು ಯಾಕೆ ಸತ್ತ ಅಂತ ಕೇಳಲ್ಲ."

"ಸಿಟಿಯಿಂದ ಡಾಕ್ಟರನ್ನೇ ಗೊತ್ತುಮಾಡೋಣ," ಎಂದ ಮಿಲ್ಟನ್.

"ಹಿಮ ಬಿದ್ದಾಗ ಅವನು ಬರೋದು ಯಾವಾಗ? ಮಾರ್ಚಿಗಾ?" ಎಂದಳು ಜಾಯ್ಸ್.

ಕಾಫಿ ಜಗ್ ಹಿಡಿದು ಬಂದ ಆರ್ಡಿಸ್‌ಳ ಮಗಳು ಕಾರಿನ್ ಅಲ್ಲೇ ನಿಂತಳು. "ಅಮ್ಮನ ಮೇಲೆ ಹಾಕಿದ ಮಣ್ಣು ಇನ್ನೂ ಒಣಗಿಲ್ಲ. ಅವಳ ಕೆಲಸ ಆಗಲೇ ಹಂಚ್ತಿದೀರಾ?"

"ಯಾರೂ ತಗೊಳ್ತಾನೇ ಇಲ್ಲಮ್ಮ, ಹಂಚೋದೆಲ್ಲಿ ಬಂತು," ಎಂದ ವೇಡ್.

ಅವಳಿಗೆ ನಗು ಬಂತು, ತಕ್ಷಣ ಕಣ್ಣೂ ತುಂಬಿತು. ಹೋಗಲು ತಿರುಗಿದವಳನ್ನು ಮಿಲ್ಟನ್ ತಡೆದ.

"ಕಾರಿನ್, ಪೆಟ್ಟಿಗೆ ಹೊರೋಕೆ ನನ್ನನ್ಯಾಕೆ ಕರೆದೆ?"

"ನಾನು ಕರೀಲಿಲ್ಲ. ಅಮ್ಮ ಆರು ಹೆಸರು ಬರೆದಿಟ್ಟಿದ್ಲು. ನಿಮ್ಮದೇ ಮೊದಲನೇದು."

"ಯಾಕಂತೆ?"

"ಬರೀ ಹೆಸರಷ್ಟೇ ಇತ್ತು. ಯಾಕೆ ಅಂತ ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಮಿಲ್ಟನ್‌ಗೆ ಗೊತ್ತಿರಲಿಲ್ಲ. ಆರ್ಡಿಸ್‌ಳೊಡನೆ ಅವನು ಮಾತು ಬಿಟ್ಟು ಆರು ವರ್ಷವಾಗಿತ್ತು.

* * *

ಆರು ವರ್ಷದ ಹಿಂದೆ ಅವನ ತಮ್ಮ ಕಾರ್ಲ್ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ರೈಫಲ್ ಪಕ್ಕದಲ್ಲಿ ಸತ್ತು ಬಿದ್ದಿದ್ದ.

"ಗನ್ ಒರೆಸೋವಾಗ ಹಾರ್ತು ಅಂತ ಬರಿ," ಅಂದಿದ್ದ ಮಿಲ್ಟನ್. "ಅಮ್ಮ ಇನ್ನೂ ಬದುಕಿದಾಳೆ, ಆರ್ಡಿಸ್."

ಅವಳು ಮಂಡಿಯೂರಿ ಬಹಳ ಹೊತ್ತು ನೋಡಿದಳು. "ಒರೆಸೋ ಬಟ್ಟೆ ಎಲ್ಲಿದೆ ಮಿಲ್ಟನ್?"

ಅವಳು ಬರೆದದ್ದು ಇದ್ದದ್ದನ್ನೇ: ಕಾರ್ಲ್ ತಾನೇ ಗುಂಡು ಹಾರಿಸಿಕೊಂಡ ಅಂತ. ಆಮೇಲೆ ತಾನೇ ಮನೆಯೊಳಗೆ ಹೋಗಿ ಅವನ ತಾಯಿಯ ಕೋಣೆಯ ಬಾಗಿಲು ಹಾಕಿಕೊಂಡಳು. ಎರಡು ಗಂಟೆ ಹೊರಗೆ ಬರಲಿಲ್ಲ. ಒಳಗೆ ಏನು ಮಾತಾಯಿತೋ ಅವನಿಗೆ ಇವತ್ತಿಗೂ ತಿಳಿಯದು. ಆದರೆ ಅವನ ತಾಯಿ ಸಾಯುವವರೆಗೂ ಪ್ರತಿ ಕ್ರಿಸ್ಮಸ್‌ಗೆ ಆರ್ಡಿಸ್‌ಗೆ ಒಣದ್ರಾಕ್ಷಿ ಬ್ರೆಡ್ ಕಳಿಸುತ್ತಿದ್ದಳು. ತಲುಪಿಸಿ ಬರುವ ಕೆಲಸ ಮಿಲ್ಟನ್‌ನದು. ಅವನು ಅದನ್ನು ಮೆಟ್ಟಿಲ ಮೇಲಿಟ್ಟು, ಬೆಲ್ ಒತ್ತದೆ ಬರುತ್ತಿದ್ದ.

* * *

ನೆಲಮಾಳಿಗೆಯಲ್ಲಿ ವೇಡ್‌ನ ಫೋನು ಹೊಡೆದುಕೊಂಡಿತು. ಕೇಳಿಸಿಕೊಂಡು ಅವನು ಸ್ಯಾಂಡ್‌ವಿಚ್ ಕೆಳಗಿಟ್ಟ.

"ಲೆಸ್ಟರ್ ಸ್ಟ್ರಾಂಡ್. ಹುಲ್ಲಿನ ಕೊಟ್ಟಿಗೆಯಲ್ಲಿ ಬಿದ್ದಿದಾನಂತೆ. ಆಂಬುಲೆನ್ಸಿನವರು ನೋಡಿದಾರೆ, ಮುಗಿದಿದೆ. ಕರೋನರನ್ನ ಕಳಿಸಿ ಅಂತಿದಾರೆ."

ಕಾರಿನ್ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಎಲ್ಲರೂ ಹೋಗೋಣ," ಎಂದ ಮಿಲ್ಟನ್. ಬೇರೇನೂ ಅವನಿಗೆ ತೋಚಲಿಲ್ಲ.

ಮೂರು ಗಾಡಿಗಳು ಒಂದರ ಹಿಂದೊಂದು ಸ್ಟ್ರಾಂಡ್ ಅವರ ಅಂಗಳಕ್ಕೆ ಬಂದು ನಿಂತವು. ಕೊಟ್ಟಿಗೆಯ ಮುಂದೆ ಆಂಬುಲೆನ್ಸಿನವರಿಬ್ಬರು ಕೈಕಟ್ಟಿಕೊಂಡು ಕಾಯುತ್ತಿದ್ದರು. ಮೊದಲು ಕೊಟ್ಟಿಗೆಗೋ, ಮನೆಗೋ? ವೇಡ್ ಕೊಟ್ಟಿಗೆಯತ್ತ ಎರಡು ಹೆಜ್ಜೆ ಇಟ್ಟು, ಉಳಿದವರು ಮನೆಯತ್ತ ನಡೆದದ್ದು ನೋಡಿ ತಾನೂ ತಿರುಗಿದ.

ಲೆಸ್ಟರ್‌ನ ಹೆಂಡತಿ ಇನೆಜ್ ಸ್ಟ್ರಾಂಡ್ ಬಾಗಿಲು ತೆರೆದಳು. ಎಂಬತ್ತು ದಾಟಿದ ಹೆಂಗಸು. ಕೈಗೆ ಹಿಟ್ಟು ಮೆತ್ತಿತ್ತು. ಕಪ್ಪು ಬಟ್ಟೆಯ ನಾಲ್ವರನ್ನು ನೋಡಿ ಗಲಿಬಿಲಿಗೊಂಡಳು.

"ಆರ್ಡಿಸ್ ಇಲ್ಲ ಅಂತ ಗೊತ್ತು," ಎಂದಳು. "ಬೇರೆ ಯಾರೋ ಬರ್ತಾರೆ ಅಂದ್ಕೊಂಡು ಕಾಯ್ತಿದ್ದೆ. ಇಷ್ಟೊಂದು ಜನ ಬಂದಿದೀರಿ. ಯಾರ ಹತ್ರ ಹೇಳ್ಲಿ ನಾನು?"

ವೇಡ್ ಮಿಲ್ಟನ್‌ನ ಮುಖ ನೋಡಿದ. ಮಿಲ್ಟನ್ ಹಾಗೆನ್‌ನ ಮುಖ ನೋಡಿದ.

ಅಡಿಗೆಮನೆಯಿಂದ ಸುಟ್ಟ ವಾಸನೆ ಬಂತು. ಜಾಯ್ಸ್ ಗಂಡಸರ ನಡುವೆ ನುಸುಳಿ ಒಳಗೆ ಹೋಗಿ, ಹೊಗೆಯಾಡುತ್ತಿದ್ದ ಬಾಣಲೆಯನ್ನು ಒಲೆಯಿಂದ ಇಳಿಸಿದಳು. ಒದ್ದೆ ಬಟ್ಟೆ ತಂದು ಇನೆಜ್‌ಳ ಬೆರಳುಗಳನ್ನು ಒಂದೊಂದಾಗಿ ಒರೆಸತೊಡಗಿದಳು.

"ಬೇಲಿ ನೋಡ್ಕೊಂಡು ಊಟಕ್ಕೆ ಬರ್ತೀನಿ ಅಂದ," ಎಂದು ಶುರುಮಾಡಿದಳು ಇನೆಜ್, ತನ್ನ ಬೆರಳುಗಳನ್ನೇ ನೋಡುತ್ತ. "ಎದೆ ಬಿಗೀತಿದೆ ಅಂತ ಬೆಳಿಗ್ಗೇನೇ ಅಂದಿದ್ದ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ..."

ಹೊಸ್ತಿಲಲ್ಲಿ ಮೂವರು ಗಂಡಸರು ಒಳಗೂ ಬಾರದೆ, ಹೊರಗೂ ಹೋಗದೆ, ಟೋಪಿಗಳನ್ನು ಎದೆಗೆ ಒತ್ತಿ ಹಿಡಿದು ನಿಂತರು. ಅವರ ಬೆನ್ನಿಗೆ ಬಡಿದ ಗಾಳಿ ಒಳಗೆ ನುಗ್ಗಿ ಮೇಜಿನ ಮೇಲಿನ ಹಿಟ್ಟನ್ನು ನೆಲಕ್ಕೆ ಹರಡುತ್ತಿತ್ತು. ಬಾಗಿಲು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ.